ಜೋಲುರೆಪ್ಪೆಯೂ ಮಗುವಿನ ನೋಟವೂ

ರೆಪ್ಪೆ ಕಣ್ಣನ್ನು ಕಾಯುವಂತೆ ಮಕ್ಕಳನ್ನು ಕಾಯಬೇಕೆಂದು ನಮ್ಮ ಹಿರಿಯರು ಹೇಳುವುದುಂಟು. ಧೂಳು ಬಿದ್ದೊಡನೆ ಮುಚ್ಚಿಕೊಳ್ಳುವುದು, ನಿಮಿಷಕ್ಕೆ ಸುಮಾರು 15 ಬಾರಿ ಮಿಟುಕಿ ಕಣ್ಣೀರನ್ನು ತೆಳುವಾಗಿ ಹರಡುವುದು, ನಿದ್ರೆಯಲ್ಲಿ ಕಣ್ಣು ಒಣಗದಂತೆ ಕಾಪಾಡುವುದು, ಇವೆಲ್ಲವೂ ರೆಪ್ಪೆಯ ಕೆಲಸವೇ. ಆದರೆ ಕೆಲವು ಶಿಶುಗಳಲ್ಲಿ ಈ ಕಾವಲುಗಾರನೇ ನೋಟಕ್ಕೆ ಅಡ್ಡವಾಗಿ ನಿಲ್ಲುತ್ತಾನೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಮೇಲುರೆಪ್ಪೆಯು ಹುಟ್ಟಿನಿಂದಲೇ ಇಳಿಬಿದ್ದಿರುವ ಈ ಸ್ಥಿತಿಯನ್ನು ವೈದ್ಯರು ಟೋಸಿಸ್ ಎಂದು ಕರೆಯುತ್ತಾರೆ. ನಾವು ಜೋಲುರೆಪ್ಪೆ ಎನ್ನೋಣ. ಇದು ಅಪರೂಪದ್ದು, ಅಪರೂಪವಾದುದರಿಂದಲೇ ಇದರ ವಿಷಯದಲ್ಲಿ ಉದಾಸೀನವೂ ಹೆಚ್ಚು.

ಕಣ್ಣಿನ ಗೂಡಿನ ಹಿಂಭಾಗದಿಂದ ಹೊರಟ ಲೀವೇಟರ್ ಎಂಬ ಸ್ನಾಯುವೊಂದು ಮೇಲುರೆಪ್ಪೆಯೊಳಕ್ಕೆ ಹಬ್ಬಿ ಅದನ್ನು ಎತ್ತುತ್ತದೆ. ಹುಟ್ಟಿನಿಂದ ಬಂದ ಜೋಲುರೆಪ್ಪೆಯಲ್ಲಿ ಸಾಮಾನ್ಯವಾಗಿ ಈ ಸ್ನಾಯುವೇ ಸರಿಯಾಗಿ ಬೆಳೆದಿರುವುದಿಲ್ಲ. ಅದರ ಎಳೆಗಳ ಸ್ಥಾನದಲ್ಲಿ ನಾರೂ ಕೊಬ್ಬೂ ತುಂಬಿಕೊಂಡಿರುತ್ತವೆ. ಮಗು ಹುಬ್ಬನ್ನು ಮೇಲಕ್ಕೆ ಸೆಳೆದು, ಗಲ್ಲವನ್ನೆತ್ತಿ, ರೆಪ್ಪೆಯ ಕೆಳಗಿನ ಕಿಂಡಿಯಿಂದ ಲೋಕವನ್ನು ನೋಡಲು ಹೆಣಗುತ್ತದೆ. ಶಾಲೆಯಲ್ಲಿ ಅದಕ್ಕೆ ದೊರೆಯುವ ಬಿರುದು ‘ನಿದ್ದೆಗಣ್ಣು’. ಮನೆಯಲ್ಲಿ ದೊರೆಯುವ ಸಮಾಧಾನ, “ಬೆಳೆದಂತೆ ಸರಿಹೋದೀತು, ಇಲ್ಲವಾದರೆ ಮದುವೆಯ ಹೊತ್ತಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರಾಯಿತು.”

ಈ ಮಾತು ಮಗುವಿನ ಒಂದು ಕಣ್ಣನ್ನೇ ಬಲಿ ತೆಗೆದುಕೊಳ್ಳಬಹುದೆಂಬುದು ನಮ್ಮ ಅಭಿಪ್ರಾಯ. ಕಾರಣವನ್ನು ತಿಳಿಯಬೇಕಾದರೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗವನ್ನು ನೋಡಬೇಕು.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಗಳನ್ನು ಹೊಲಿದು ಮುಚ್ಚಿ, ಎರಡು ಮೂರು ತಿಂಗಳ ತರುವಾಯ ಬಿಚ್ಚಿದರು. ಕಣ್ಣುಗುಡ್ಡೆಗೆ ಯಾವ ಹಾನಿಯೂ ಆಗಿರಲಿಲ್ಲ. ಆದರೂ ಆ ಕಣ್ಣಿಗೆ ನೋಟವಿರಲಿಲ್ಲ! ಮಿದುಳಿನ ದೃಷ್ಟಿಭಾಗವನ್ನು ಪರೀಕ್ಷಿಸಿದಾಗ, ಅಲ್ಲಿನ ಹೆಚ್ಚುಕಡಮೆ ಎಲ್ಲ ನರಕೋಶಗಳೂ ತೆರೆದಿದ್ದ ಕಣ್ಣಿಗೆ ಮಾತ್ರ ಓಗೊಡುತ್ತಿದ್ದುವು. ಬೆಳೆದ ಬೆಕ್ಕಿನ ಕಣ್ಣನ್ನು ಹಾಗೆಯೇ ಮುಚ್ಚಿದಾಗ ಇಂತಹ ಕೆಡುಕು ಕಾಣಲಿಲ್ಲ. 1963ರಲ್ಲಿ ಪ್ರಕಟವಾದ ಈ ಸಂಶೋಧನೆಯೂ ಸೇರಿದಂತೆ ಅವರ ಕಾರ್ಯಕ್ಕೆ 1981ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ನೋಡುವುದನ್ನು ಮಿದುಳು ಕಲಿಯಬೇಕು, ಆ ಕಲಿಕೆಗೆ ಎಳೆತನವೇ ಕಾಲ ಎಂಬುದು ಇದರಿಂದ ತಿಳಿದುಬಂದಿತು.

ಮನುಷ್ಯನಲ್ಲಿ ಈ ಕಾಲ ಸುಮಾರು ಏಳೆಂಟು ವರ್ಷಗಳವರೆಗೆ ಇರುತ್ತದೆ. ಮೊದಲ ತಿಂಗಳುಗಳಂತೂ ಬಹು ಸೂಕ್ಷ್ಮವಾದುವು. ರೆಪ್ಪೆಯು ಪಾಪೆಯನ್ನು ಮುಚ್ಚಿದರೆ ಕಣ್ಣಿಗೆ ಬೆಳಕಿನ ಪಾಠವೇ ತಪ್ಪುತ್ತದೆ. ಪೂರ್ತಿ ಮುಚ್ಚದಿದ್ದರೂ ಅಪಾಯವಿಲ್ಲದಿಲ್ಲ. ಜೋಲುರೆಪ್ಪೆಯ ಕಣ್ಣಿನಲ್ಲಿ ಅನೇಕ ವೇಳೆ ಪಾರದರ್ಶಕ ಪಟಲದ ಬಾಗು ಒಂದೇ ಸಮನಾಗಿರುವುದಿಲ್ಲ. ಚಿತ್ರ ಮಸುಕಾಗುತ್ತದೆ, ಮಿದುಳು ಆ ಮಸುಕನ್ನು ಕಡೆಗಣಿಸುವುದನ್ನೇ ಕಲಿಯುತ್ತದೆ. ಇಪ್ಪತ್ತನೆಯ ವಯಸ್ಸಿನಲ್ಲಿ ಶಸ್ತ್ರವೈದ್ಯನು ರೆಪ್ಪೆಯನ್ನು ಎತ್ತಬಲ್ಲನು. ಕಲಿಯದೆ ಉಳಿದ ನೋಟವನ್ನು ಎತ್ತಿಕೊಡಲಾರನು.

ಹಾಗಾದರೆ ಎಲ್ಲ ಶಿಶುಗಳಿಗೂ ಒಡನೆಯೇ ಶಸ್ತ್ರಚಿಕಿತ್ಸೆ ಬೇಕೆ? ಬೇಡ. ಪಾಪೆ ಮುಚ್ಚಿಹೋಗಿದ್ದರೆ ಮಾತ್ರ ತಡಮಾಡುವಂತಿಲ್ಲ. ಉಳಿದವರಿಗೆ ಕನ್ನಡಕ ಕೊಟ್ಟು, ಅಗತ್ಯವಿದ್ದರೆ ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿ ದುರ್ಬಲವಾದುದಕ್ಕೆ ದುಡಿಮೆ ಕಲಿಸಿ, ಮೂರರಿಂದ ಐದು ವರ್ಷದವರೆಗೆ ಕಾಯುವುದುಂಟು. ಸ್ನಾಯುವಿನಲ್ಲಿ ಬಲವಿದ್ದರೆ ಅದನ್ನು ಮೊಟಕುಮಾಡಿ ಬಿಗಿಗೊಳಿಸುತ್ತಾರೆ. ಬಲವೇ ಇಲ್ಲದಿದ್ದರೆ ತೊಡೆಯಿಂದ ತೆಗೆದ ನಾರಿನ ಪಟ್ಟಿಯಿಂದಲೋ ಸಿಲಿಕೋನ್ ಎಳೆಯಿಂದಲೋ ರೆಪ್ಪೆಯನ್ನು ಹಣೆಯ ಸ್ನಾಯುವಿಗೆ ತೂಗುಹಾಕುತ್ತಾರೆ. ಬಳಿಕ ನಿದ್ರೆಯಲ್ಲಿ ಕಣ್ಣು ಪೂರ್ತಿ ಮುಚ್ಚದಿರಬಹುದು. ಅದು ಒಣಗದಂತೆ ಮುಲಾಮು ಹಚ್ಚಬೇಕಾದೀತು. ಇದನ್ನು ತಂದೆತಾಯಿಗಳಿಗೆ ಮೊದಲೇ ಹೇಳುವುದು ನ್ಯಾಯ.

ಶಿಶುವಿನ ಕಣ್ಣಿನ ಎಲ್ಲ ತೊಂದರೆಗಳೂ ಹೀಗೆ ಆತುರದವಲ್ಲ. ಕಣ್ಣೀರು ಮೂಗಿಗಿಳಿಯುವ ನಾಳದ ತುದಿಯಲ್ಲಿ ತೆಳುಪೊರೆಯೊಂದು ಉಳಿದು ಕಣ್ಣು ಸದಾ ಸುರಿಯುವುದುಂಟು. ವೈದ್ಯರು ತೋರಿಸಿಕೊಟ್ಟಂತೆ ಮೂಗಿನ ಪಕ್ಕವನ್ನು ಬೆರಳಿನಿಂದ ಒತ್ತುತ್ತ ಬಂದರೆ, ಬಹುಪಾಲು ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ನಾಳ ತಾನೇ ತೆರೆದುಕೊಳ್ಳುತ್ತದೆ. ಅಲ್ಲಿ ತಾಳ್ಮೆಯೇ ಮದ್ದು. ಇಲ್ಲಿ ಅದೇ ತಾಳ್ಮೆ ವಿಷವಾದೀತು. ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕೂಡದು ಎಂಬುದನ್ನು ತೀರ್ಮಾನಿಸಬೇಕಾದವರು ಕಣ್ಣನ್ನು ಪರೀಕ್ಷಿಸಿದ ವೈದ್ಯರೇ ಹೊರತು ನೆರೆಹೊರೆಯವರಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲಿ ವೈದ್ಯತಂಡಗಳು ಅಂಗನವಾಡಿಗಳಿಗೂ ಶಾಲೆಗಳಿಗೂ ಹೋಗಿ ಮಕ್ಕಳನ್ನು ಪರೀಕ್ಷಿಸುತ್ತವೆ. ಆದರೆ ಶಾಲೆಯ ವಯಸ್ಸಿನ ತನಕ ಕಾದರೆ ಅಮೂಲ್ಯವಾದ ವರ್ಷಗಳು ಕಳೆದಿರುತ್ತವೆ. ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ರೆಪ್ಪೆಗಳೆರಡೂ ಸಮನಾಗಿ ಏಳುತ್ತವೆಯೇ ಎಂದು ನೋಡಬೇಕು. ಸಂಶಯವಿದ್ದರೆ ಕಣ್ಣಿನ ವೈದ್ಯರ ಬಳಿಗೆ ಕಳುಹಿಸಬೇಕು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ಗಮನವಿದ್ದರೆ ಸಾಕು.

ವಿದ್ಯಾರ್ಥಿಗಳಾದ ನಿಮ್ಮಿಂದಲೂ ಇದರಲ್ಲಿ ಆಗುವ ಕೆಲಸವಿದೆ. ನಿಮ್ಮ ಮನೆಯ ಅಥವಾ ಬೀದಿಯ ಎಳೆಯ ಮಗುವೊಂದು ಗಲ್ಲವೆತ್ತಿ ನೋಡುತ್ತಿದ್ದರೆ, ಅದರ ತಾಯಿಗೆ ಈ ವಿಷಯವನ್ನು ತಿಳಿಸಿರಿ. ‘ನಿದ್ದೆಗಣ್ಣು’ ಎಂದು ನಗುವವರಿದ್ದರೆ ಅವರಿಗೂ ತಿಳಿಸಿರಿ. ಆ ಮಗು ನಿದ್ರಿಸುತ್ತಿಲ್ಲ. ನೋಡಲು ನಮ್ಮೆಲ್ಲರಿಗಿಂತ ಹೆಚ್ಚು ಶ್ರಮಪಡುತ್ತಿದೆ.