ಮಗುವಿನ ಓದು, ಲೆಕ್ಕ ಮತ್ತು ಪ್ರಗತಿಪತ್ರ



ಬಸವ ಜಯಂತಿಯ ನಿಮಿತ್ತ ಒಂದು ಊರಿನಲ್ಲಿ ಮಕ್ಕಳಿಗಾಗಿ ವಚನ ಕಂಠಪಾಠ ಸ್ಪರ್ಧೆ ಏರ್ಪಟ್ಟಿತ್ತು. ನಾಲ್ಕನೆಯ ತರಗತಿ ಮುಗಿಸಿದ್ದ ಬಾಲಕಿಯೊಬ್ಬಳು ಹನ್ನೆರಡು ವಚನಗಳನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿ ಪ್ರಥಮ ಬಹುಮಾನಕ್ಕೆ ಪಾತ್ರಳಾದಳು. ಬಹುಮಾನವಾಗಿ ಕೊಟ್ಟದ್ದು ಒಂದು ಕಥೆಯ ಪುಸ್ತಕ. ಸಂತೋಷದ ಭರದಲ್ಲಿ ನಾನು, ‘ಮೊದಲ ಪುಟವನ್ನು ಓದು ತಾಯಿ’ ಎಂದೆ. ಮಗು ಪುಸ್ತಕ ತೆರೆದು ನಿಂತಿತು, ತುಟಿ ಅಲುಗಲಿಲ್ಲ. ಸಭೆಯ ಮುಂದೆ ಹಾಗೆ ಕೇಳಿದ್ದು ನನ್ನದೇ ತಪ್ಪು. ಕಾರ್ಯಕ್ರಮ ಮುಗಿದ ಮೇಲೆ ಅವಳ ತಂದೆ ಶಾಲೆಯ ಪ್ರಗತಿಪತ್ರವನ್ನು ತಂದು ತೋರಿಸಿದರು. ಕನ್ನಡಕ್ಕೆ ‘ಎ ಪ್ಲಸ್’, ಗಣಿತಕ್ಕೆ ‘ಎ’. ‘ಗುರುಗಳೇ, ನಾನು ಇದನ್ನು ನಂಬಲೋ, ಈಗ ಕಂಡದ್ದನ್ನು ನಂಬಲೋ?’ ಎಂದು ಅವರು ಕೇಳಿದ ಪ್ರಶ್ನೆಯೇ ಈ ತಿಂಗಳ ವಿಷಯ.

ಪ್ರಗತಿಪತ್ರ ಸುಳ್ಳು ಹೇಳುತ್ತದೆಂದು ನಾನು ಹೇಳಲಾರೆ. ಪಾಠದ ಕೊನೆಯ ಪ್ರಶ್ನೋತ್ತರ, ಬಾಯಿಪಾಠದ ಪದ್ಯ, ಕಪ್ಪುಹಲಗೆಯಿಂದ ಅಂದವಾಗಿ ನಕಲು ಮಾಡಿದ ಬರೆಹ ಇವೆಲ್ಲವೂ ಸೇರಿ ಆ ಶ್ರೇಣಿ ಸಿದ್ಧವಾಗುತ್ತದೆ. ನೆನಪಿನ ಶಕ್ತಿಯುಳ್ಳ ಮಗು ಓದಲು ಬಾರದೆಯೇ ಅದನ್ನು ಗಳಿಸಬಲ್ಲದು. ನಾನು ಕಲಿತ ಮಠದ ಪಾಠಶಾಲೆಯಲ್ಲಿಯೂ ಕಂಠಪಾಠಕ್ಕೇ ಅಗ್ರಪೂಜೆ. ಆದರೆ ನಮ್ಮ ಗುರುಗಳು ಆಗಾಗ ಗ್ರಂಥವನ್ನು ನಡುವೆ ಬಿಡಿಸಿ, ಬೆರಳಿಟ್ಟು, ‘ಇಲ್ಲಿಂದ ಓದು’ ಎನ್ನುತ್ತಿದ್ದರು. ಆಗ ನಮ್ಮ ಬಂಡವಾಳ ಬಯಲಾಗುತ್ತಿತ್ತು.

ಓದಿನ ನಿಜವಾದ ಪರೀಕ್ಷೆ ಇದೇ: ಮಗು ಮೊದಲು ಕಂಡಿರದ ಪುಟ, ಎದುರಿಗೆ ಕೇಳುವ ಒಬ್ಬರು. ಪ್ರಥಮ್ ಸಂಸ್ಥೆಯು 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆಯ ಕ್ರಮವೂ ಇಷ್ಟು ಸರಳವಾದುದು. ಸ್ವಯಂಸೇವಕರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಒಂದೊಂದು ಮಗುವಿನ ಮುಂದೆ ಒಂದು ಹಾಳೆಯನ್ನಿಡುತ್ತಾರೆ. ಅದರಲ್ಲಿ ಬಿಡಿ ಅಕ್ಷರಗಳು, ಪದಗಳು, ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿಯ ಮಟ್ಟದ ಪುಟ್ಟ ಕಥೆ ಇರುತ್ತವೆ. ಲೆಕ್ಕಕ್ಕೆ ಅಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಮಾಡುವ ವ್ಯವಕಲನ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಕಥೆಯನ್ನು ಓದಬಲ್ಲವರು 2022ರಲ್ಲಿ ನೂರಕ್ಕೆ 43ರಷ್ಟು, 2024ರಲ್ಲಿ 49ರಷ್ಟು. ಉಳಿದ ಅರ್ಧದಷ್ಟು ಮಕ್ಕಳ ಹೆತ್ತವರಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದಿರಬಹುದು?

ಈ ಪರೀಕ್ಷೆಯನ್ನು ಮನೆಯಲ್ಲಿಯೇ ಮಾಡಬಹುದು. ‘ಅ ಆ ಇ ಈ’ ಎಂದು ಮಗು ಹಾಡಿದರೆ ಅದು ಅಕ್ಷರಜ್ಞಾನವಲ್ಲ, ಹಾಡು. ಸಾಲಿನ ನಡುವಿನಿಂದ ‘ಪ’, ‘ಷ’, ‘ಫ’ಗಳನ್ನೂ ‘ಮ’, ‘ವ’ಗಳನ್ನೂ ತೋರಿಸಿ ಕೇಳಬೇಕು. ಅನಂತರ ಗುಣಿತಾಕ್ಷರ, ಆಮೇಲೆ ಒತ್ತಕ್ಷರ. ಕನ್ನಡದ ಮಕ್ಕಳು ಹೆಚ್ಚಾಗಿ ಎಡವುವುದು ಒತ್ತಕ್ಷರದಲ್ಲಿ. ತಕಾರ, ಮಕಾರ, ಯಕಾರ, ರಕಾರಗಳು ಒತ್ತಾದಾಗ ತಮ್ಮ ಮೂಲರೂಪವನ್ನೇ ಬಿಡುತ್ತವೆ. ಇನ್ನು ‘ಸೂರ್ಯ’ ಎಂಬಲ್ಲಿನ ಅರ್ಕಾವತ್ತು ಬರೆಹದಲ್ಲಿ ಯಕಾರದ ಬಳಿಕ ಬರುತ್ತದೆ, ಉಚ್ಚಾರದಲ್ಲಿ ಅದಕ್ಕಿಂತ ಮೊದಲು. ಇಲ್ಲಿ ತಡವರಿಸುವ ಮಗು ದಡ್ಡನಲ್ಲ. ಲಿಪಿಯೇ ಅಲ್ಲಿ ತಿರುವು ತೆಗೆದುಕೊಂಡಿದೆ. ಮಗು ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿ, ‘ಕಥೆಯಲ್ಲಿ ಏನಾಯಿತು?’ ಎಂದು ಕೇಳಿರಿ. ಓದು ಬಾರದ ತಾಯಿಯೂ ಅಜ್ಜಿಯೂ ಇದನ್ನು ಕೇಳಬಲ್ಲರು. ಅರ್ಥವಾಗಿದ್ದರೆ ಮಗು ತನ್ನ ಮಾತಿನಲ್ಲಿ ಹೇಳುತ್ತದೆ.

ಲೆಕ್ಕದಲ್ಲಿ ಒಂದೇ ಪ್ರಶ್ನೆ ಸಾಕು: 52ರಲ್ಲಿ 27 ಕಳೆದರೆ ಎಷ್ಟು? ಅನೇಕ ಮಕ್ಕಳು 35 ಎನ್ನುತ್ತಾರೆ. ಎರಡರಲ್ಲಿ ಏಳು ಹೋಗದೆಂದು ಏಳರಲ್ಲಿಯೇ ಎರಡನ್ನು ಕಳೆದಿರುತ್ತಾರೆ. ಇದು ಅಜಾಗ್ರತೆಯ ತಪ್ಪಲ್ಲ, ಸ್ಥಾನಬೆಲೆ ತಿಳಿಯದ ತಪ್ಪು. ನೂರು ಲೆಕ್ಕ ಹಾಕಿಸಿದರೂ ನೂರರಲ್ಲಿಯೂ ಮರಳಿ ಬರುತ್ತದೆ. ಹತ್ತು ರೂಪಾಯಿಯ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಮಗುವಿನ ಕೈಗಿತ್ತು 27 ರೂಪಾಯಿ ಕೇಳಿರಿ. ಒಂದು ನೋಟನ್ನು ಮುರಿಸದೆ ಗತಿಯಿಲ್ಲವೆಂದು ಅದಕ್ಕೇ ಹೊಳೆಯುತ್ತದೆ. ನಮ್ಮ ‘ಐವತ್ತೆರಡು’ ಎಂಬ ಮಾತು ಹತ್ತುಗಳನ್ನು ಮೊದಲು, ಬಿಡಿಯನ್ನು ಆಮೇಲೆ ಹೇಳಿ ಅರ್ಧ ಪಾಠವನ್ನು ತಾನೇ ಮಾಡಿಬಿಡುತ್ತದೆ. 

ಕೇಂದ್ರ ಸರ್ಕಾರವು 2021ರಲ್ಲಿ ಆರಂಭಿಸಿದ ‘ನಿಪುಣ ಭಾರತ’ ಯೋಜನೆಯು ಮೂರನೆಯ ತರಗತಿಯ ಕೊನೆಗೆ ಮಗು ನಿಮಿಷಕ್ಕೆ 60 ಪದಗಳನ್ನಾದರೂ ಅರ್ಥಸಹಿತ ಓದಬೇಕು, 9999ರವರೆಗಿನ ಸಂಖ್ಯೆಗಳನ್ನು ಬಲ್ಲವನಾಗಬೇಕು ಎಂಬ ಗುರಿಯನ್ನಿಟ್ಟಿದೆ. ಗುರಿ ಒಳ್ಳೆಯದೇ. ಆದರೆ ‘ಶಾಲೆಯಿಂದಲೇ’ ಎಂಬ ನಮ್ಮ ಒಂದು ಪದದಲ್ಲಿ ಇಂಗ್ಲಿಷಿನ ಮೂರು ಪದ ಅಡಗಿರುತ್ತವೆ. ಗಡಿಯಾರ ಹಿಡಿದು ಮಗುವನ್ನು ಓಡಿಸಬೇಡಿರಿ.

ಶಾಲೆಗೆ ಹೋದಾಗ ಏನು ಕೇಳಬೇಕು? 2009ರ ಶಿಕ್ಷಣ ಹಕ್ಕು ಕಾಯಿದೆಯ 24ನೆಯ ಪ್ರಕರಣವು, ಶಿಕ್ಷಕರು ಪೋಷಕರ ಸಭೆಗಳನ್ನು ಕ್ರಮವಾಗಿ ನಡೆಸಿ, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಗಳನ್ನು ತಿಳಿಸಬೇಕೆಂದು ಕರ್ತವ್ಯವಾಗಿಯೇ ವಿಧಿಸಿದೆ. ಕೇಳುವುದು ಉದ್ಧಟತನವಲ್ಲ. ಆದರೂ ನಮ್ಮವರು ಸಭೆಗೆ ಹೋಗಿ ‘ಎಷ್ಟನೆಯ ಸ್ಥಾನ?’ ಎಂದಷ್ಟೇ ಕೇಳಿ, ಸಹಿ ಹಾಕಿ ಬರುತ್ತಾರೆ. ಅದರ ಬದಲು, ‘ನನ್ನ ಮಗು ಹೊಸ ಪುಟವನ್ನು ಓದಬಲ್ಲದೇ? ಎಲ್ಲಿ ನಿಲ್ಲುತ್ತದೆ? ನೀವು ಏನು ಮಾಡುತ್ತಿದ್ದೀರಿ, ನಾನು ಏನು ಮಾಡಲಿ?’ ಎಂದು ಕೇಳಿರಿ. ಪ್ರಾಮಾಣಿಕ ಶಿಕ್ಷಕರಿಗೆ ಈ ಪ್ರಶ್ನೆಗಳಿಂದ ನೆಮ್ಮದಿಯೇ ಆಗುತ್ತದೆ.

ಆ ತಂದೆಗೆ ನಾನು ಹೇಳಿದ್ದು ಎರಡೇ ಮಾತು: ಮನೆಗೆ ಹೋದ ಮೇಲೆ ಮಗುವನ್ನು ಗದರಬೇಡಿರಿ, ಶಾಲೆ ತೆರೆದ ಮೊದಲ ವಾರವೇ ಶಿಕ್ಷಕರನ್ನು ಕಾಣಿರಿ. ಬೇಸಿಗೆಯ ರಜೆಯಲ್ಲಿ ಅಜ್ಜಿ ದಿನವೂ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ಕೇಳಿದರಂತೆ. ಜೂನಿನಲ್ಲಿ ಶಿಕ್ಷಕಿಯು ಎರಡನೆಯ ತರಗತಿಯ ಪುಸ್ತಕದಿಂದ ಅವಳಿಗೆ ಮತ್ತೆ ಆರಂಭಿಸಿದರು. ಶ್ರಾವಣದಲ್ಲಿ ಮನೆಮಂದಿ ಮಠಕ್ಕೆ ಬಂದಾಗ ಆ ಬಹುಮಾನದ ಪುಸ್ತಕವೂ ಚೀಲದಲ್ಲಿತ್ತು. ಈ ಸಲ ನಾನು ಕೇಳಲಿಲ್ಲ. ಅವಳೇ ತೆಗೆದು ಏಳನೆಯ ಪುಟವನ್ನು ಓದಿದಳು. ಒತ್ತಕ್ಷರ ಬಂದಲ್ಲಿ ಇನ್ನೂ ನಿಲ್ಲುತ್ತಾಳೆ, ಬೆರಳಿಟ್ಟುಕೊಂಡು ಮುಂದೆ ಹೋಗುತ್ತಾಳೆ.