ರಂಗದಿಂದ ಸಂಸತ್ತಿಗೆ, ಮತ್ತೆ ರಂಗಕ್ಕೆ: ಗ್ಲೆಂಡಾ ಜಾಕ್ಸನ್ ಬಿಟ್ಟುಹೋದ ಪ್ರಶ್ನೆ

ಬೆಳ್ಳಿತೆರೆಯ ಜನಪ್ರಿಯತೆಯನ್ನು ಬಂಡವಾಳವಾಗಿಸಿಕೊಂಡು ರಾಜಕೀಯ ಪ್ರವೇಶಿಸುವವರಿಗೆ ಯಾವ ದೇಶದಲ್ಲೂ ಕೊರತೆಯಿಲ್ಲ. ಆದರೆ ರಾಜಕೀಯಕ್ಕಾಗಿ ನಟನೆಯನ್ನೇ ಸಂಪೂರ್ಣವಾಗಿ ತ್ಯಜಿಸುವವರು ವಿರಳ. 2023ರ ಜೂನ್ 15ರಂದು 87ನೇ ವಯಸ್ಸಿನಲ್ಲಿ ನಿಧನರಾದ ಇಂಗ್ಲೆಂಡಿನ ನಟಿ ಗ್ಲೆಂಡಾ ಜಾಕ್ಸನ್ ಅಂಥವರಲ್ಲೊಬ್ಬರು.

1936ರಲ್ಲಿ ಬರ್ಕನ್‌ಹೆಡ್‌ನಲ್ಲಿ ಗಾರೆ ಕೆಲಸಗಾರನ ಮಗಳಾಗಿ ಜನಿಸಿದ ಅವರು, ಔಷಧಿ ಅಂಗಡಿಯಲ್ಲಿ ದುಡಿದು, ಬಳಿಕ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮ್ಯಾಟಿಕ್ ಆರ್ಟ್‌ನಲ್ಲಿ ತರಬೇತಿ ಪಡೆದರು. ರಾಯಲ್ ಶೇಕ್ಸ್‌ಪಿಯರ್ ಕಂಪನಿಯಲ್ಲಿ ಪೀಟರ್ ಬ್ರೂಕ್ ನಿರ್ದೇಶಿಸಿದ 'ಮರಾ/ಸಾದ್' ನಾಟಕ ಅವರಿಗೆ ಹೆಸರು ತಂದಿತು. 'ವಿಮೆನ್ ಇನ್ ಲವ್' ಹಾಗೂ 'ಎ ಟಚ್ ಆಫ್ ಕ್ಲಾಸ್' ಚಿತ್ರಗಳಿಗೆ ಎರಡು ಆಸ್ಕರ್‌ಗಳು ಸಂದವು. ಪ್ರಶಸ್ತಿ ಸ್ವೀಕರಿಸಲು ಎರಡು ಬಾರಿಯೂ ಅವರು ಹೋಗಲಿಲ್ಲ.

1992ರಲ್ಲಿ ಲೇಬರ್ ಪಕ್ಷದಿಂದ ಹ್ಯಾಂಪ್‌ಸ್ಟೆಡ್ ಮತ್ತು ಹೈಗೇಟ್ ಕ್ಷೇತ್ರದಲ್ಲಿ ಗೆದ್ದ ಬಳಿಕ 23 ವರ್ಷ ಅವರು ಸಂಸದೆಯಾಗಿದ್ದರು. 1997ರಲ್ಲಿ ಟೋನಿ ಬ್ಲೇರ್ ಸರಕಾರದಲ್ಲಿ ಸಾರಿಗೆ ಖಾತೆಯ ಕಿರಿಯ ಸಚಿವೆಯಾದರೂ, ಇರಾಕ್ ಯುದ್ಧದ ಪ್ರಶ್ನೆಯಲ್ಲಿ ಅದೇ ಬ್ಲೇರ್ ಅವರನ್ನು ಬಹಿರಂಗವಾಗಿ ವಿರೋಧಿಸಿದರು. ಖ್ಯಾತಿಯೊಂದೇ ಮತ ತಂದುಕೊಡದು ಎಂಬುದಕ್ಕೆ 2010ರ ಚುನಾವಣೆಯೇ ನಿದರ್ಶನ. ಆಗ ಅವರು ಗೆದ್ದದ್ದು ಕೇವಲ 42 ಮತಗಳ ಅಂತರದಿಂದ.

2013ರ ಏಪ್ರಿಲ್‌ನಲ್ಲಿ ಮಾರ್ಗರೆಟ್ ಥ್ಯಾಚರ್ ಅವರಿಗೆ ಸದನ ಶ್ರದ್ಧಾಂಜಲಿ ಸಲ್ಲಿಸುತ್ತಿದ್ದಾಗ, ಥ್ಯಾಚರ್ ನೀತಿಗಳು ಸಮಾಜಕ್ಕೆ ಮಾಡಿದ ಹಾನಿಯನ್ನು ಜಾಕ್ಸನ್ ನಿರ್ದಾಕ್ಷಿಣ್ಯವಾಗಿ ಪಟ್ಟಿ ಮಾಡಿದರು. ಶೋಕದ ವೇಳೆ ಇಂಥ ಮಾತು ಸಲ್ಲದೆಂಬ ಆಕ್ಷೇಪ ಸದನದಲ್ಲೇ ಕೇಳಿಬಂತು. ಆದರೆ ಮೃತ ನಾಯಕರ ಆಡಳಿತದಿಂದ ನೊಂದವರ ದನಿಗೆ ಶ್ರದ್ಧಾಂಜಲಿಯ ಸಭೆಯಲ್ಲಿ ಸ್ಥಾನವಿದೆಯೇ ಎಂಬ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು.

2015ರಲ್ಲಿ ಸಂಸತ್ತಿನಿಂದ ನಿವೃತ್ತರಾದ ಅವರು ಮರುವರ್ಷವೇ, 80ರ ವಯಸ್ಸಿನಲ್ಲಿ, ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಕಿಂಗ್ ಲಿಯರ್ ಪಾತ್ರ ವಹಿಸಿದರು. 2018ರಲ್ಲಿ 'ತ್ರೀ ಟಾಲ್ ವಿಮೆನ್' ನಾಟಕಕ್ಕೆ ಟೋನಿ ಪ್ರಶಸ್ತಿ ಬಂತು. ನಾಟಕಕಾರರು ಸ್ತ್ರೀಪಾತ್ರಗಳನ್ನು ಕೇಂದ್ರದಲ್ಲಿರಿಸುವುದಿಲ್ಲ ಎಂಬುದು ಜಾಕ್ಸನ್ ಅವರ ದೂರಾಗಿತ್ತು. ವೃದ್ಧ ನಟಿಯೊಬ್ಬರು ತಮ್ಮ ಶಕ್ತಿಗೆ ತಕ್ಕ ಪಾತ್ರಕ್ಕಾಗಿ ರಾಜನ ಕಿರೀಟವನ್ನೇ ಧರಿಸಬೇಕಾಯಿತೆಂಬುದು ಅವರ ಸಾಮರ್ಥ್ಯಕ್ಕೆ ಸಾಕ್ಷಿಯಾದಷ್ಟೇ ರಂಗಭೂಮಿಯ ಕೊರತೆಗೂ ಸಾಕ್ಷಿ. ಆ ಕೊರತೆಯನ್ನು ನೀಗಬೇಕಾದವರು ಇನ್ನು ನಾಟಕಕಾರರೇ.