ಕುಮಾರನಿಗೆ ಕಾಲ, ಕನ್ನೆಗೆ ಗಳಿಗೆ: ಹದಿಹರೆಯದ ಕನ್ನಡ ಪದಗಳು

ಹದಿಹರೆಯವೆಂಬ ಕಲ್ಪನೆಯೇ ಪಶ್ಚಿಮದಿಂದ ಬಂದದ್ದು, ಹಳೆಯ ಕನ್ನಡ ಸಮಾಜದಲ್ಲಿ ಮಗು ನೇರವಾಗಿ ಗೃಹಸ್ಥನೋ ಗೃಹಿಣಿಯೋ ಆಗುತ್ತಿತ್ತು, ಆದುದರಿಂದ ಆ ನಡುವಣ ಕಾಲಕ್ಕೆ ಕನ್ನಡದಲ್ಲಿ ಪದವೇ ಇರಲಿಲ್ಲ ಎಂಬ ಅಭಿಪ್ರಾಯವನ್ನು ಆಗಾಗ ಕೇಳುತ್ತೇವೆ. ಇದು ಅರ್ಧಸತ್ಯ. ಕುಮಾರ, ಕಿಶೋರ, ಕೊಡಗೂಸು, ಕನ್ನೆ, ಪ್ರಾಯ, ಹರೆಯ, ಜವ್ವನ, ಮೈನೆರೆ ಎಂಬ ಪದಗಳುಳ್ಳ ಭಾಷೆಯನ್ನು ಈ ವಿಷಯದಲ್ಲಿ ಬಡವೆನ್ನಲಾಗದು. ಕೊರತೆಯಿರುವುದು ಪದಗಳ ಸಂಖ್ಯೆಯಲ್ಲಲ್ಲ, ಹಂಚಿಕೆಯಲ್ಲಿ. ಬಾಲ್ಯಕ್ಕೂ ಪ್ರೌಢತೆಗೂ ನಡುವೆ ಈ ಪದಸಂಪತ್ತು ಗಂಡಿಗೆ ಒಂದು ಕಾಲಾವಧಿಯನ್ನು ಕೊಟ್ಟಿತು, ಹೆಣ್ಣಿಗೆ ಒಂದು ಗಳಿಗೆಯನ್ನು ಮಾತ್ರ ಕೊಟ್ಟಿತು. ಈ ಭೇದವನ್ನು ಗಮನಿಸದೆ ಹಳೆಯ ಪಠ್ಯಗಳನ್ನು ಓದಿದರೆ ಅರ್ಥವೂ ತಪ್ಪುತ್ತದೆ, ಇಂದಿನ ಹುಡುಗಿಯರಿಗೆ ಅನ್ಯಾಯವೂ ಆಗುತ್ತದೆ.

ಲೋಕದ ಇತರ ಭಾಷೆಗಳು ಈ ವಯಸ್ಸನ್ನು ಹೆಸರಿಸಿದ ಬಗೆಯನ್ನು ಮೊದಲು ನೋಡಬಹುದು. ಇಂಗ್ಲಿಷಿನ ಅಡೊಲೆಸೆನ್ಸ್ ಎಂಬುದರ ಮೂಲ ‘ಬೆಳೆ’ ಎಂಬರ್ಥದ ಲ್ಯಾಟಿನ್ ಧಾತು. ಅದೇ ಧಾತುವಿನ ವರ್ತಮಾನ ಕೃದಂತ ‘ಬೆಳೆಯುತ್ತಿರುವವನು’ ಎಂದಾದರೆ ಭೂತಕೃದಂತವಾದ ಅಡಲ್ಟ್ ‘ಬೆಳೆದು ಮುಗಿದವನು’ ಎಂದು. ಸೆವಿಲ್ಲೆಯ ಇಸಿಡೋರನು ಏಳನೆಯ ಶತಮಾನದಲ್ಲಿ ಈ ಅವಧಿಯನ್ನು 14ರಿಂದ 28 ವರ್ಷದವರೆಗೆ ಹಿಗ್ಗಿಸಿದ್ದನು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ 1904ರಲ್ಲಿ ಈ ಪದವನ್ನೇ ಶೀರ್ಷಿಕೆಯಾಗಿಸಿ ಪ್ರಕಟಿಸಿದ ಬೃಹದ್ಗ್ರಂಥದಿಂದ ಅದು ಆಧುನಿಕ ಶಾಸ್ತ್ರಪದವಾಯಿತು. ಅರಬ್ಬಿಯ ಮುರಾಹಕ ಎಂಬ ಪದದಲ್ಲಿ ‘ಸಮೀಪಿಸು’ ಎಂಬ ಅರ್ಥವಿದೆ. ಜಪಾನಿನ ಶಿಷುನ್ಕಿ ಎಂದರೆ ವಸಂತವನ್ನು ನೆನೆಯುವ ಕಾಲ. ಜರ್ಮನರು ಈ ವಯಸ್ಸಿನ ಹುಡುಗಿಯನ್ನು ಬಾಕ್‌ಫಿಶ್, ಅಂದರೆ ಹುರಿಯಲು ಯೋಗ್ಯವಾದ ಎಳೆಯ ಮೀನು ಎಂದು ಕರೆದುದುಂಟು. ಹುಡುಗಿಗೆ ಹೆಸರಿಡುವಾಗ ಅವಳು ಯಾರಿಗಾಗಿ ಸಿದ್ಧಳಾಗುತ್ತಿದ್ದಾಳೆ ಎಂಬುದು ಪದದೊಳಕ್ಕೆ ನುಸುಳುವುದು ಕನ್ನಡದ ದೋಷ ಮಾತ್ರವಲ್ಲ.

ನೆರೆಯ ತಮಿಳಿನ ಉಲಾ ಪ್ರಬಂಧಗಳಲ್ಲಿ ಹೆಣ್ಣಿನ ವಯಸ್ಸನ್ನು ಪೇದೈ, ಪೆದುಂಬೈ, ಮಂಗೈ, ಮಡಂದೈ, ಅರಿವೈ, ತೆರಿವೈ, ಪೇರಿಳಂಪೆಣ್ ಎಂದು ಏಳಾಗಿ ವಿಭಾಗಿಸಲಾಗಿದೆ. ಹೆಣ್ಣಿಗೆ ಕಾಲಾವಧಿಯನ್ನು ಕೊಟ್ಟ ವಿರಳ ಉದಾಹರಣೆಯಿದು. ಆದರೆ ಆ ಏಳು ವಯಸ್ಸಿನವರೂ ಬೀದಿಯಲ್ಲಿ ಮೆರವಣಿಗೆ ಹೊರಟ ಅರಸನನ್ನೋ ದೇವರನ್ನೋ ಕಂಡು ಮೋಹಗೊಳ್ಳುವುದಕ್ಕಾಗಿಯೇ ಪ್ರಬಂಧದಲ್ಲಿ ಬರುತ್ತಾರೆ. ಎಣಿಕೆ ಹೆಣ್ಣಿನದು, ಕಣ್ಣು ಬೇರೆಯವರದು.

ಸಂಸ್ಕೃತದ ಎರಡು ಗಣನೆಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಭೇದ ಇನ್ನೂ ಸ್ಪಷ್ಟವಾಗುತ್ತದೆ. ಮೊದಲನೆಯದು ಐದು ವರ್ಷದವರೆಗೆ ಕೌಮಾರ, ಹತ್ತರವರೆಗೆ ಪೌಗಂಡ, ಹದಿನೈದರವರೆಗೆ ಕೈಶೋರ, ಆಮೇಲೆ ಯೌವನ ಎನ್ನುತ್ತದೆ. ಕಿಶೋರ ಎಂದರೆ ಮೂಲತಃ ಕುದುರೆಯ ಮರಿ. ಓಡಾಟವೂ ತುಂಟತನವೂ ಆ ಪದದಲ್ಲೇ ಇವೆ. ಎರಡನೆಯದು ಪರಾಶರಸ್ಮೃತಿಯ ಎಣಿಕೆ: ಎಂಟು ವರ್ಷದವಳು ಗೌರಿ, ಒಂಬತ್ತರವಳು ರೋಹಿಣಿ, ಹತ್ತರವಳು ಕನ್ಯೆ, ಅಲ್ಲಿಂದ ಮುಂದೆ ರಜಸ್ವಲೆ. ಮೊದಲನೆಯ ಗಣನೆ ಐದೈದು ವರ್ಷಗಳ ವಿಸ್ತಾರದಲ್ಲಿ ಸಾಗಿದರೆ ಎರಡನೆಯದು ವರ್ಷಕ್ಕೊಂದು ಮೆಟ್ಟಿಲನ್ನಿಟ್ಟು ಒಂದು ಬಾಗಿಲ ಮುಂದೆ ನಿಂತುಬಿಡುತ್ತದೆ. ಆ ಬಾಗಿಲಿನಾಚೆ ಅವಳಿಗೆ ವಯಸ್ಸಿನ ಹೆಸರಿಲ್ಲ, ದೇಹಸ್ಥಿತಿಯ ಹೆಸರಿದೆ. ಕಾವ್ಯಮೀಮಾಂಸೆಯು ಬಹುವಾಗಿ ಮೆಚ್ಚಿದ ವಯಸ್ಸಂಧಿಯೂ ಹೆಸರೇ ಹೇಳುವಂತೆ ಒಂದು ಕೂಡುಗೆರೆ. ಅಲ್ಲಿ ಬದುಕಲು ಎಡೆಯಿಲ್ಲ.

ಕನ್ನಡದ ಆಡುಮಾತು ಇದೇ ದಾರಿಯಲ್ಲಿ ನಡೆದಿದೆ. ಸಂಡೂರು ತಾಲೂಕಿನ ಬಂಡ್ರಿಯಂತಹ ಊರುಗಳಲ್ಲಿ, ಹಾಗೆಯೇ ಕನ್ನಡನಾಡಿನ ಬಹುಭಾಗದಲ್ಲಿ, ಮೊದಲ ಮುಟ್ಟು ಬಂದ ಹುಡುಗಿಯನ್ನು ಕುರಿತು ‘ಮೈನೆರೆದಳು’ ಎನ್ನುತ್ತಾರೆ, ‘ದೊಡ್ಡಾಕಿ ಆದಳು’ ಎನ್ನುತ್ತಾರೆ. ನೆರೆ ಎಂದರೆ ತುಂಬು, ಪೂರ್ಣವಾಗು. ವ್ಯಾಕರಣದ ದೃಷ್ಟಿಯಿಂದ ಇವೆರಡೂ ಮುಗಿದ ಕ್ರಿಯೆಗಳು. ನಿನ್ನೆ ಚಿಕ್ಕವಳಾಗಿದ್ದವಳು ಇಂದು ದೊಡ್ಡವಳು, ನಡುವೆ ರಾತ್ರಿಯೊಂದೇ. ಅದೇ ಓಣಿಯ ಹುಡುಗನಿಗೆ ಮೀಸೆ ಚಿಗುರುತ್ತದೆ, ಕುಡಿಮೀಸೆ ಮೂಡುತ್ತದೆ, ಅವನು ನಿಧಾನವಾಗಿ ಪ್ರಾಯಕ್ಕೆ ಬರುತ್ತಾನೆ. ಪ್ರಾಯಕ್ಕೆ ಬರುವ ಮಾತನ್ನು ಹೆಣ್ಣಿಗೂ ಬಳಸುವುದುಂಟು, ನಿಜ. ಆದರೆ ಗಂಡಿಗೆ ಆರತಿ ಎತ್ತಿ, ಸೋಬಾನೆ ಹಾಡಿ, ಬಂಧುಬಳಗಕ್ಕೆ ಸಾರಿ ಹೇಳುವ ‘ಆದನು’ ಎಂಬ ಒಂದು ದಿನವಿಲ್ಲ. ದಿನವಿಲ್ಲದುದರಿಂದಲೇ ಅವನಿಗೆ ವರ್ಷಗಳು ಸಿಕ್ಕಿವೆ.

ಆ ವರ್ಷಗಳ ಹೆಸರು ಕುಮಾರ. ಈ ಪದದ ವಿಸ್ತಾರವನ್ನರಿಯಲು ಬಂಡ್ರಿಯ ಸೀಮೆಗಿಂತ ಯೋಗ್ಯವಾದ ನೆಲ ವಿರಳ. ಸಂಡೂರಿನ ಬೆಟ್ಟಸಾಲಿನಲ್ಲಿ ಕುಮಾರಸ್ವಾಮಿಯ ಪ್ರಾಚೀನ ದೇವಾಲಯವಿದೆ. ಅಣ್ಣತಮ್ಮಂದಿರ ಪಂದ್ಯದ ತೀರ್ಪಿಗೆ ಮುನಿದು, ತಂದೆತಾಯಿಯರನ್ನು ತೊರೆದು, ಒಬ್ಬನೇ ಕ್ರೌಂಚಗಿರಿಗೆ ಬಂದು ನೆಲಸಿದವನು ಈ ದೇವರು ಎಂಬುದು ಐತಿಹ್ಯ. ತೀರ್ಪು ಅನ್ಯಾಯವೆನಿಸಿದಾಗ ಮನೆಬಿಟ್ಟು ಹೋಗುವುದು, ಮದುವೆಯನ್ನು ಒಲ್ಲೆನೆನ್ನುವುದು, ತಾಯಿಯನ್ನೂ ದೂರವಿಡುವುದು, ಹದಿಹರೆಯದ ಲಕ್ಷಣಗಳೆಂದು ಆಧುನಿಕ ಮನಶ್ಶಾಸ್ತ್ರ ಪಟ್ಟಿಮಾಡುವುದೆಲ್ಲವೂ ಈ ಕಥೆಯಲ್ಲಿವೆ. ಅವನ ಮುನಿಸನ್ನು ಪರಂಪರೆಯು ಪೂಜಿಸಿತು. ಅವನನ್ನು ಎಂದೆಂದಿಗೂ ಕುಮಾರನನ್ನಾಗಿಯೇ ಉಳಿಸಿತು. ಹೆಂಗಸರು ಅವನ ಸನ್ನಿಧಿಗೆ ಬರಬಾರದೆಂಬ ಹಳೆಯ ಕಟ್ಟಳೆಯು ಇದೇ ಕಲ್ಪನೆಯ ಇನ್ನೊಂದು ಮುಖ. ಪಕ್ಕದಲ್ಲೇ ಪಾರ್ವತಿಯ ಗುಡಿಯಿದೆ. ಮಗನು ನಿತ್ಯಕುಮಾರನಾಗಿ ನಿಂತಲ್ಲಿ ಹೆಣ್ಣು ತಾಯಿಯಾಗಿ ಮಾತ್ರ ನೆಲೆ ಪಡೆದಿದ್ದಾಳೆ.

ಇದೇ ಪ್ರದೇಶದ ಇತಿಹಾಸಪುರುಷ ಕುಮಾರರಾಮ. ಕಂಪಿಲರಾಯನ ಈ ಮಗ ದೆಹಲಿಯ ಮಹಮ್ಮದ್ ಬಿನ್ ತುಘಲಕ್‌ನ ಸೇನೆಯೊಡನೆ ಹೋರಾಡಿ ಮಡಿದನು. ಕಂಪಿಲಿಯ ಪತನವನ್ನು ಇತಿಹಾಸಕಾರರು 1327ರ ಸುಮಾರಿಗೆ ಇಡುತ್ತಾರೆ. ನಂಜುಂಡ ಕವಿಯ ಸಾಂಗತ್ಯದಿಂದ ಪ್ರಸಿದ್ಧವಾದ ಅವನ ಕಥೆಯಲ್ಲಿ ಆಡುತ್ತಿದ್ದ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನಿಗೆ ಅವಳು ಮೋಹಿತಳಾಗುತ್ತಾಳೆ, ಅವನು ನಿರಾಕರಿಸಿದಾಗ ಆರೋಪ ಹೊರಿಸುತ್ತಾಳೆ. ಕಾಳಗದಲ್ಲಿ ಪಳಗಿದ ವೀರನೂ ಚೆಂಡಾಡಬಲ್ಲನು. ಏಕೆಂದರೆ ಅವನು ಕುಮಾರ. ರತ್ನಾಜಿಯಾದರೋ ವಯಸ್ಸಾದ ಅರಸನ ಎಳೆಯ ಹೆಂಡತಿ. ಸಂಬಂಧದಿಂದ ಅವಳು ತಾಯಿ, ಕಥೆಯ ತೀರ್ಪಿನಲ್ಲಿ ಖಳನಾಯಿಕೆ. ಅವಳ ವಯಸ್ಸು ಎಷ್ಟಿದ್ದೀತು ಎಂಬ ಪ್ರಶ್ನೆಯನ್ನು ಕಥೆಯೂ ಕೇಳುವುದಿಲ್ಲ, ಬಹುಪಾಲು ವಿಮರ್ಶೆಯೂ ಕೇಳಿಲ್ಲ. ಅವಳ ಸುಳ್ಳು ಆರೋಪವನ್ನು ಇದು ಮನ್ನಿಸುವುದಿಲ್ಲ. ಆದರೆ ಒಬ್ಬನಿಗೆ ವಯಸ್ಸಿನ ಪದವನ್ನೂ ಇನ್ನೊಬ್ಬಳಿಗೆ ಸಂಬಂಧದ ಪದವನ್ನೂ ಕೊಟ್ಟಾಗ ಓದುಗನ ಸಹಾನುಭೂತಿ ಯಾವ ಕಡೆ ಹರಿಯುವುದೆಂಬುದು ಮೊದಲೇ ನಿಶ್ಚಯವಾಗಿರುತ್ತದೆ.

ಕುಮಾರವೆಂಬುದು ವರ್ಷಗಳ ಲೆಕ್ಕವಲ್ಲ, ಹೊಣೆ ಹೆಗಲೇರುವ ಮುನ್ನಿನ ಸ್ಥಿತಿ ಎಂಬುದಕ್ಕೆ ಜೈನಸಾಹಿತ್ಯದಲ್ಲಿ ಬಲವಾದ ಆಧಾರವಿದೆ. ಪುರಾಣಗಳ ಗಣನೆಯಲ್ಲಿ ಆದಿತೀರ್ಥಂಕರನ ಕುಮಾರಕಾಲ ಇಪ್ಪತ್ತು ಲಕ್ಷ ಪೂರ್ವ, ರಾಜ್ಯಕಾಲ ಅರುವತ್ತಮೂರು ಲಕ್ಷ ಪೂರ್ವ. ವಾಸುಪೂಜ್ಯ, ಮಲ್ಲಿ, ನೇಮಿ, ಪಾರ್ಶ್ವ, ಮಹಾವೀರ ಈ ಐವರನ್ನು ದಿಗಂಬರ ಪರಂಪರೆ ಪಂಚಬಾಲಯತಿಗಳೆನ್ನುತ್ತದೆ. ಆದರೆ ಮಹಾವೀರನು ದೀಕ್ಷೆಗೊಂಡದ್ದು ತನ್ನ ಮೂವತ್ತನೆಯ ವಯಸ್ಸಿನಲ್ಲಿ. ಇಲ್ಲಿ ‘ಬಾಲ’ವೆಂದರೆ ವಿವಾಹವಾಗದವನು. ಮಹಾವೀರನಿಗೆ ಯಶೋದೆಯೊಡನೆ ವಿವಾಹವಾಗಿತ್ತೆನ್ನುವ ಶ್ವೇತಾಂಬರ ಪರಂಪರೆಯಲ್ಲಿ ‘ಕುಮಾರ’ವೆಂದರೆ ಪಟ್ಟವೇರದವನು ಎಂಬ ವಿವರಣೆಯುಂಟು. ಒಂದೇ ಪದ ಮದುವೆಗೂ ಸಿಂಹಾಸನಕ್ಕೂ ಅಳತೆಗೋಲಾಯಿತು. ವಯಸ್ಸಿಗೆ ಮಾತ್ರ ಆಗಲಿಲ್ಲ. ವಡ್ಡಾರಾಧನೆಯ ಸುಕುಮಾರಸ್ವಾಮಿಯು ಮೂವತ್ತೆರಡು ಜನ ಹೆಂಡಿರ ನಡುವೆಯೂ ತಾಯಿಯ ಆರೈಕೆಯಲ್ಲೇ ಬೆಳೆದ ಎಳೆಯನಾಗಿ ಕಾಣುತ್ತಾನೆ.

ಈ ಸಾಹಿತ್ಯದಲ್ಲಿಯೇ ಅಪವಾದವೊಂದಿದೆ. ಜನ್ನನ ಯಶೋಧರಚರಿತೆಯಲ್ಲಿ (1209) ಚಂಡಮಾರಿಗೆ ಬಲಿಕೊಡಲು ಎಳೆತಂದ ಅಭಯರುಚಿ ಮತ್ತು ಅಭಯಮತಿ ಅಣ್ಣ ತಂಗಿಯರು. ಇಬ್ಬರೂ ಎಳೆಯರು, ಇಬ್ಬರೂ ವ್ರತಧಾರಿಗಳು, ಸಾವಿನ ಮುಂದೆ ಇಬ್ಬರೂ ಸಮಾನವಾಗಿ ನಿರ್ಭಯರು. ಇಲ್ಲಿ ಹುಡುಗಿಗೂ ಹುಡುಗನಷ್ಟೇ ನಡುವಣ ಕಾಲ ದೊರೆತಿದೆ. ಆದರೆ ಅದು ದೊರೆತದ್ದು ಮನೆಯನ್ನು ಬಿಟ್ಟ ಮೇಲೆ. ಹರಿಹರನು ರಗಳೆಯೊಂದರಲ್ಲಿ ಕೀರ್ತಿಸಿದ ಕೋಳೂರ ಕೊಡಗೂಸು ಶಿವನಲ್ಲಿ ಐಕ್ಯಳಾಗಿ ಎಂದೆಂದಿಗೂ ಕೂಸಾಗಿ ಉಳಿದಳು. ಹೆಣ್ಣು ತನ್ನ ಎಳೆತನವನ್ನು ಉಳಿಸಿಕೊಳ್ಳಲು ಲೋಕವನ್ನೇ ತೊರೆಯಬೇಕಾದದ್ದು ಶೈವ, ಜೈನ ಎರಡೂ ಪರಂಪರೆಗಳ ಕವಿಗಳಿಗೆ ತಿಳಿದಿತ್ತು ಎನ್ನಬೇಕು.

ಗಳಿಗೆಯ ಪದ ಎಷ್ಟು ಕ್ರೂರವಾಗಬಲ್ಲುದೆಂಬುದನ್ನು ಎಂ. ಕೆ. ಇಂದಿರಾ ಅವರ ಫಣಿಯಮ್ಮ (1976) ಕಾದಂಬರಿ ತೋರಿಸಿದೆ. ಬಾಲ್ಯದಲ್ಲೇ ವಿಧವೆಯಾದ ಹುಡುಗಿ ಮೈನೆರೆಯುತ್ತಾಳೆ. ಉಳಿದವರಿಗೆ ಆರತಿಯನ್ನು ತರುವ ಅದೇ ಘಟನೆ ಅವಳಿಗೆ ಕೇಶಮುಂಡನವನ್ನು ತರುತ್ತದೆ. ಬಳ್ಳಾರಿ ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರ ಪಾಲಿಗೂ ಮೈನೆರೆಯುವುದೇ ಬದುಕಿನ ನಿರ್ಣಾಯಕ ಗಡಿಯಾಗಿತ್ತು. 1982ರ ದೇವದಾಸಿ ಸಮರ್ಪಣ ನಿಷೇಧ ಕಾಯಿದೆ ಬಂದದ್ದು ಆ ಪದ್ಧತಿಯ ಮೇಲೆ. ಶಾಸ್ತ್ರ ಬೇರೆ, ಜಾತಿ ಬೇರೆ, ಪ್ರದೇಶ ಬೇರೆ. ಆದರೆ ಕ್ರಿಯಾಪದ ಒಂದೇ.

ಕಾನೂನಿನ ಇತಿಹಾಸವನ್ನು ಈ ಗಳಿಗೆಯನ್ನು ಕಾಲವನ್ನಾಗಿ ಹಿಗ್ಗಿಸುವ ಪ್ರಯತ್ನವೆಂದು ಓದಬಹುದು. ಮೈಸೂರು ಸಂಸ್ಥಾನದ 1894ರ ಕಾಯಿದೆ ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನು ನಿಷೇಧಿಸಿತು. 1929ರ ಶಾರದಾ ಕಾಯಿದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತು. 1978ರ ತಿದ್ದುಪಡಿ ಅವನ್ನು 18 ಮತ್ತು 21ಕ್ಕೆ ಏರಿಸಿತು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಲ್ಲೂ ಗಂಡು 21ರವರೆಗೆ, ಹೆಣ್ಣು 18ರವರೆಗೆ ಬಾಲರು. ಕುಮಾರನಿಗೆ ಮೂರು ವರ್ಷ ಹೆಚ್ಚು ಕೊಡುವ ಹಳೆಯ ಔದಾರ್ಯ ಇಂದಿನ ಶಾಸನದಲ್ಲೂ ಉಳಿದಿದೆ.

ಈ ಹಿನ್ನೆಲೆಯಲ್ಲಿ ಹದಿಹರೆಯ ಎಂಬ ಪದದ ಬೆಲೆ ತಿಳಿಯುತ್ತದೆ. ಇಂಗ್ಲಿಷಿನ ಟೀನೇಜ್ ಎಂಬುದಕ್ಕೆ ಸಂವಾದಿಯಾಗಿ ಇಂದು ಬಳಕೆಯಲ್ಲಿರುವ ಇದರ ಪೂರ್ವಪದ ಸಂಖ್ಯಾವಾಚಕ. ಸಂಚಿ ಹೊನ್ನಮ್ಮನ ಹದಿಬದೆಯಲ್ಲಿ ಬರುವ, ಪತಿಯ ತದ್ಭವವಾದ ‘ಹದಿ’ಗೂ ಇದಕ್ಕೂ ನಂಟಿಲ್ಲ. ಇಂಗ್ಲಿಷಿನ ಟೀನ್ ಹದಿಮೂರರಿಂದ ಹತ್ತೊಂಬತ್ತರವರೆಗೆ ಸಾಗಿದರೆ ಕನ್ನಡದ ‘ಹದಿ’ ಹದಿಮೂರಕ್ಕೆ ತೊಡಗಿ ಹದಿನೆಂಟಕ್ಕೆ ನಿಲ್ಲುತ್ತದೆ, ಮುಂದಿನದು ಹತ್ತೊಂಬತ್ತು. ಹೆಣ್ಣುಮಗಳ ವಿವಾಹಕ್ಕೆ ಕಾನೂನು ಹಾಕಿದ ಗಡಿಯೂ ಹದಿನೆಂಟೇ ಆಗಿರುವುದು ಆಕಸ್ಮಿಕ, ಆದರೆ ಪ್ರಯೋಜನಕರವಾದ ಆಕಸ್ಮಿಕ. ಹೆಣ್ಣು ಗಂಡುಗಳಿಗೆ ಸಮಾನವಾಗಿ ಅನ್ವಯಿಸುವ, ದೇಹವನ್ನಾಗಲಿ ಮದುವೆಯನ್ನಾಗಲಿ ಕೇಳದೆ ವರ್ಷಗಳನ್ನು ಮಾತ್ರ ಎಣಿಸುವ ಪದವಿದು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಹದಿಹರೆಯವು ಪುಸ್ತಕದ ಪದ, ಮೈನೆರೆಯಂತೆ ಅದಕ್ಕೆ ನೆಲದ ವಾಸನೆಯಿಲ್ಲ ಎಂಬುದು ಮೊದಲನೆಯದು. ಮೈನೆರೆ ದೇಹವನ್ನು ಸಂಕೋಚವಿಲ್ಲದೆ ಹೆಸರಿಸುವ ಒಳ್ಳೆಯ ಪದ. ಅದನ್ನು ಬಿಡಬೇಕೆಂದು ಯಾರೂ ಹೇಳಬಾರದು. ಅದು ದೇಹದ ಒಂದು ಘಟನೆಗೆ ಹೆಸರಾಗಿರಲಿ, ಹುಡುಗಿಯ ಇಡೀ ಬದುಕಿಗೆ ಹೆಸರಾಗದಿರಲಿ. ಹುಡುಗಿಯನ್ನು ಶಾಲೆಯಲ್ಲಿ ಉಳಿಸುವುದು ಬಸ್ಸು, ಹಾಸ್ಟೆಲು, ಶೌಚಾಲಯಗಳೇ ಹೊರತು ಪದವಲ್ಲ ಎಂಬುದು ಎರಡನೆಯದು. ಅದೂ ನಿಜ. ಆದರೆ ಹನ್ನೆರಡು ವರ್ಷದವಳನ್ನು ಮನೆ, ಓಣಿ, ಬಂಧುಗಳು ‘ದೊಡ್ಡಾಕಿ’ ಎಂದು ಒಪ್ಪಿದ ಮೇಲೆ ಅವಳಿಗಾಗಿ ಬಸ್ಸನ್ನು ಕೇಳುವವರು ಕಡಿಮೆಯಾಗುತ್ತಾರೆ. ಅಂಗನವಾಡಿಯ ಪುಸ್ತಕದಲ್ಲಿ ಅವಳು ಕಿಶೋರಿ, ಕಾನೂನಿನಲ್ಲಿ ಬಾಲಕಿ, ಮನೆಯ ಮಾತಿನಲ್ಲಿ ದೊಡ್ಡವಳು. ಮೂರರಲ್ಲಿ ಕೊನೆಯದೇ ಅವಳ ನಾಳೆಯನ್ನು ನಿರ್ಧರಿಸುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳೂ ಸಂಪಾದಕರೂ ಇಲ್ಲಿ ಮಾಡಬಹುದಾದ ಕೆಲಸವಿದೆ. ಹಳೆಯ ಪಠ್ಯಗಳ ಕುಮಾರ, ಜವ್ವನ, ಕನ್ನೆ ಇವನ್ನು ಗದ್ಯಾನುವಾದದಲ್ಲಿ ಹದಿಹರೆಯವೆಂದು ಸಮೀಕರಿಸಬಾರದು. ಹಾಗೆ ಮಾಡಿದರೆ ಆ ಕಾಲ ಯಾರಿಗೆ ದೊರೆತಿತ್ತು, ಯಾರಿಗೆ ದೊರೆತಿರಲಿಲ್ಲ ಎಂಬ ಚರಿತ್ರೆಯೇ ಅಳಿಸಿಹೋಗುತ್ತದೆ. ಇಂದಿನ ಬರಹದಲ್ಲಿ ಹದಿನೈದರ ಹುಡುಗನನ್ನು ಬಾಲಕನೆಂದೂ ಅದೇ ವಯಸ್ಸಿನ ಹುಡುಗಿಯನ್ನು ಯುವತಿಯೆಂದೂ ಬರೆಯುವುದು ಕಾಣಸಿಗುತ್ತದೆ. ಅದನ್ನು ಕಂಡಲ್ಲೆಲ್ಲ ತಿದ್ದಬೇಕು. ನಿಘಂಟುಗಳು ಈ ಪದಗಳಿಗೆ ಅರ್ಥ ಕೊಡುವಾಗ ಯಾವುದು ದೇಹವಾಚಕ, ಯಾವುದು ಸ್ಥಾನವಾಚಕ, ಯಾವುದು ವಯೋವಾಚಕ ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ಇನ್ನು ರತ್ನಾಜಿಯ ಪ್ರಸಂಗವನ್ನು ತರಗತಿಯಲ್ಲಿ ಪಾಠ ಹೇಳುವ ಅಧ್ಯಾಪಕರು ಅವಳ ಗುಣದೋಷಗಳ ಚರ್ಚೆಗೆ ತೊಡಗುವ ಮುನ್ನ ಅವಳ ವಯಸ್ಸನ್ನು ಕೇಳಬೇಕು.